ಎರಡನೇ ಕಾರು

ತಂಡಕ್ಕೆ ಎರಡು ಕಾರುಗಳಿದ್ದವು. ಕಾರ್ಖಾನೆಯಿಂದ ಹೊಸದಾಗಿ ಬಂದ ಪ್ರತಿಯೊಂದು ಭಾಗವನ್ನೂ ಮೊದಲು ಎರಡನೇ ಕಾರಿಗೆ ಹಾಕಿ ರೇಸಿಗೆ ಬಿಡುತ್ತಿದ್ದರು. ಅದು ಮುರಿಯದೆ ಉಳಿದರೆ ಮುಂದಿನ ರೇಸಿನಲ್ಲಿ ಮೊದಲನೇ ಕಾರಿಗೆ ಹಾಕುತ್ತಿದ್ದರು. ಮುರಿದರೆ ಹಾಕುತ್ತಿರಲಿಲ್ಲ. ಎರಡನೇ ಕಾರು ಓಡಿಸುವವನಿಗೆ, ಹೊಸದೆಲ್ಲ ಮೊದಲು ನಿನಗೇ ಕೊಡುತ್ತಿದ್ದೇವೆ ಎಂದಷ್ಟೇ ಹೇಳಿದ್ದರು.

ಅವನು ನಂಬಿದ. ನಂಬಿದ್ದಲ್ಲದೆ ಅಕ್ಕನಿಗೆ ಫೋನು ಮಾಡಿ ಕೊಚ್ಚಿಕೊಂಡ. ಅಕ್ಕ ಬೀದಿಯವರಿಗೆಲ್ಲ ಹೇಳಿದಳು. ಹೊಸ ಭಾಗದ ಮೇಲೆ ಮೆಕ್ಯಾನಿಕ್‌ಗಳು ಹಳದಿ ಬಣ್ಣದ ಚುಕ್ಕೆ ಇಡುತ್ತಿದ್ದರು, ರೇಸು ಮುಗಿದ ಮೇಲೆ ಮೊದಲು ಬಿಚ್ಚಿ ನೋಡಬೇಕಾದದ್ದು ಯಾವುದು ಎಂಬ ಗುರುತಿಗೆ. ಅವನ ಕಾರಿನ ತುಂಬ ಹಳದಿ ಚುಕ್ಕೆ. ಪಕ್ಕದಲ್ಲಿ ನಿಂತ ಮೊದಲನೇ ಕಾರಿನಲ್ಲಿ ಹುಡುಕಿದರೂ ಒಂದಿಲ್ಲ. ರೇಸಿಗೆ ಮುಂಚೆ ಅವನು ಆ ಚುಕ್ಕೆಗಳ ಮೇಲೆ ಬೆರಳಾಡಿಸುತ್ತಿದ್ದ, ಮದುಮಗಳು ಮೈಮೇಲಿನ ಒಡವೆ ಮುಟ್ಟಿಕೊಳ್ಳುವ ಹಾಗೆ. "ನೋಡೋ, ನಿನ್ನ ಗಾಡಿಗೆ ಒಂದಾದ್ರೂ ಇದ್ಯಾ?" ಎಂದು ಮೊದಲನೇ ಕಾರಿನವನನ್ನು ರೇಗಿಸುತ್ತಿದ್ದ. ಮೊದಲನೇ ಕಾರಿನವನು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ.

ಆಮೇಲೆ ಒಂದೊಂದಾಗಿ ಮುರಿಯತೊಡಗಿದವು. ಒಂದು ರೇಸಿನಲ್ಲಿ ಗೇರು ಕಚ್ಚಿಕೊಂಡು ಕೂತಿತು. ಇನ್ನೊಂದರಲ್ಲಿ ಆಯಿಲ್ ಪೈಪು ಸೀಳಿ ಇಂಜಿನ್ನು ಹೊಗೆ ಕಾರಿತು. ಮತ್ತೊಂದರಲ್ಲಿ ಅವನು ಎಲ್ಲರಿಗಿಂತ ಮುಂದಿದ್ದ, ಮೊದಲನೇ ಕಾರನ್ನೂ ಹಿಂದೆ ಹಾಕಿದ್ದ. ಗೆಲುವು ಕಣ್ಣಿಗೆ ಕಾಣುವ ಹೊತ್ತಿಗೆ ಬ್ರೇಕಿನ ಡಿಸ್ಕು ಒಡೆದು ಮರಳಿನ ಗುಂಡಿಯಲ್ಲಿ ಹೋಗಿ ನಿಂತ. ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಗ್ಯಾರೇಜಿಗೆ ನಡೆದು ಬಂದಾಗ ಮೆಕ್ಯಾನಿಕ್‌ಗಳು, "ಬಂತಪ್ಪಾ ಗ್ರಹಚಾರ" ಎಂದರು. ಆ ಹೆಸರೇ ನಿಂತುಬಿಟ್ಟಿತು. ಗ್ರಹಚಾರ ಊಟಕ್ಕೆ ಬಂದ್ನಾ? ಗ್ರಹಚಾರನ ಕೈಗವಸು ಎಲ್ಲಿಟ್ರಿ? ರೇಸಿಗೆ ಮುಂಚೆ ಯಾರೂ ಅವನ ಕೈ ಕುಲುಕುತ್ತಿರಲಿಲ್ಲ, ಅಂಟಿಕೊಳ್ಳುತ್ತದೆ ಎಂದು ತಮಾಷೆ. ಮೊದಲನೇ ಕಾರಿನವನೊಬ್ಬ ಮಾತ್ರ ಕುಲುಕುತ್ತಿದ್ದ. ಪ್ರತಿ ಸಲ, ಎರಡೂ ಕೈಯಲ್ಲಿ ಹಿಡಿದು.

ಮುಂದಿನ ಚಕ್ರವನ್ನು ಕಾರಿಗೆ ಹಿಡಿದಿಡುವ ಲೋಹದ ತೋಳೊಂದನ್ನು ಹಗುರಾಗಲಿ ಎಂದು ಹೊಸದಾಗಿ ಮಾಡಿಸಿದರು. ಅದು ಉದ್ದ ದಾರಿಯ ಕೊನೆಯ ತಿರುವಿನಲ್ಲಿ ಕಡ್ಡಿಯ ಹಾಗೆ ತುಂಡಾಯಿತು. ಎದುರಿಗೆ ಗೋಡೆ ಇತ್ತು.

ಮುರಿದ ಲೋಹಕ್ಕೆ ತನಿಖೆ ನಡೆಯಿತು. ಮುರಿದ ಕಾಲಿಗೆ ನಡೆಯಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ, ಕಾಲಿಗೆ ತೂಕ ಕಟ್ಟಿ ಮೇಲೆ ತೂಗುಹಾಕಿದ್ದಾಗ, ಅವನು ಗೋಡೆಯ ಟಿವಿಯಲ್ಲಿ ಮುಂದಿನ ರೇಸನ್ನು ನೋಡಿದ. ಮೊದಲನೇ ಕಾರು ಗೆದ್ದಿತು. ಆ ಗೆಲುವಿನಿಂದ ಅದರ ಚಾಲಕ ಚಾಂಪಿಯನ್ ಆದ. ಕಾಮೆಂಟರಿ ಹೇಳುವವನು ಖುಷಿಯಿಂದ ಕೂಗುತ್ತಿದ್ದ: "ಈ ಮನುಷ್ಯನ ಅದೃಷ್ಟ ನೋಡಿ! ಹೊಸ ತೋಳನ್ನು ಇವತ್ತು ಇವರ ಕಾರಿಗೆ ಹಾಕಬೇಕಾಗಿತ್ತು. ಅದು ಮುರಿಯುತ್ತೆ ಅಂತ ಹೋದ ರೇಸಿನಲ್ಲೇ ಗೊತ್ತಾಯ್ತು. ಸಕಾಲಕ್ಕೆ ಗೊತ್ತಾಯ್ತು!"

ಗೊತ್ತಾದದ್ದು ಹೇಗೆ ಎಂದು ಕಾಮೆಂಟರಿಯವನು ಹೇಳಲಿಲ್ಲ. ಹಾಸಿಗೆಯಲ್ಲಿದ್ದವನು ತೂಗುಹಾಕಿದ ತನ್ನ ಕಾಲನ್ನು ನೋಡಿದ. ಹಳದಿ ಚುಕ್ಕೆಗಳು ಒಂದೊಂದಾಗಿ ನೆನಪಾದವು. ಅವನಿಗೆ ನಗು ಬಂತು. ಎಷ್ಟು ಬಂತೆಂದರೆ ನರ್ಸಮ್ಮ ಓಡಿ ಬಂದು, "ಯಾಕಪ್ಪಾ, ನೋವಾ?" ಎಂದು ಹಣೆ ಮುಟ್ಟಿ ನೋಡಿದಳು.

ಇದೆಲ್ಲ ಹಳೆಯದು. ಈಗ ಆ ಎರಡನೇ ಕಾರಿನವರ ತಲೆ ನರೆತಿದೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾರೆ, ಕಲಿಯಲು ಬರುವವರು ಮೇಷ್ಟ್ರು ಎನ್ನುತ್ತಾರೆ. ನಾವೂ ಹಾಗೇ ಎನ್ನೋಣ. ಒಬ್ಬ ಮನುಷ್ಯನನ್ನು ಗ್ರಹಚಾರ ಎಂದು ಕರೆಯುವ ಕೆಲಸವನ್ನು ಮಾಡಬೇಕಾದವರು ಆಗಲೇ ಮಾಡಿ ಮುಗಿಸಿದ್ದಾರೆ.

ಮೇಷ್ಟ್ರ ಕೆಲಸ ಎಡಗಡೆಯ ಸೀಟಿನಲ್ಲಿ. ಅಲ್ಲಿ ಕಾಲ ಬಳಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇವೆ. ಸ್ಟೀರಿಂಗ್ ಇಲ್ಲ. ದಿನವಿಡೀ ಅವರ ಬಾಯಿಂದ ಬರುವ ಮಾತು ಇಷ್ಟೇ: ಕ್ಲಚ್ಚು ನಿಧಾನಕ್ಕೆ ಬಿಡಿ, ಕನ್ನಡಿ ನೋಡಿ, ಹೆದರ್ಬೇಡಿ ನಾನಿದ್ದೀನಿ. ಕೊನೆಯ ಪಾಠ ಮುಗಿಸಿ, ಟೈರು ಅಂಗಡಿಯ ಮೇಲಿನ ತಮ್ಮ ಕೋಣೆಗೆ ಮೆಟ್ಟಿಲನ್ನು ಒಂದೊಂದಾಗಿ, ಸರಿಯಿರುವ ಕಾಲನ್ನು ಮೊದಲಿಟ್ಟು ಹತ್ತಿದರೆ, ಮರುದಿನ ಬೆಳಿಗ್ಗೆವರೆಗೆ ಮಾತಿಲ್ಲ. ರಜೆಯ ಮಾರನೇ ದಿನವಂತೂ ಮೊದಲ ಮಾತು ಗಂಟಲಲ್ಲಿ ತುಕ್ಕು ಹಿಡಿದ ಹಾಗೆ ಕಿರುಗುಟ್ಟಿಕೊಂಡು ಹೊರಬರುತ್ತದೆ. ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ. ತಿಂದ ತಟ್ಟೆಯನ್ನು ತೊಳೆದು, ನೀರು ಸೋರಲು ಗೋಡೆಗೆ ಒರಗಿಸಿಟ್ಟು, ಕಿಟಕಿಯ ಬಳಿ ಕೂರುತ್ತಾರೆ. ಕೆಳಗೆ ಅಂಗಡಿಯವರು ಟೈರು ಬಿಚ್ಚುತ್ತಾ ಒಬ್ಬರನ್ನೊಬ್ಬರು ಬೈದುಕೊಂಡು ನಗುತ್ತಿರುತ್ತಾರೆ. ಮೇಷ್ಟ್ರಿಗೆ ಆ ಬೈಗುಳ ಕೇಳಲು ಆಸೆ. ರಬ್ಬರಿನ ವಾಸನೆಗೂ ಆಸೆ. ಆ ಕೋಣೆಯನ್ನು ಅವರು ಹಿಡಿದದ್ದೇ ಅದಕ್ಕೆ. ಯಾರಿಗೂ ಹೇಳಿಲ್ಲ, ಹೇಳಲು ಯಾರಿದ್ದಾರೆ?

ಈ ನಡುವೆ ಪತ್ರಿಕೆಯೊಂದರಲ್ಲಿ ಒಬ್ಬ ಬರೆದ: ಆ ಮೊದಲನೇ ಕಾರಿನ ಚಾಂಪಿಯನ್ ಗೆದ್ದದ್ದು ಪ್ರತಿಭೆಯಿಂದಲ್ಲ, ಬರೀ ಅದೃಷ್ಟದಿಂದ. ಅವನ ಕಾಲದಲ್ಲಿ ಎಲ್ಲರ ಕಾರೂ ಕೆಡುತ್ತಿದ್ದವು, ಅವನದು ಕೆಡುತ್ತಿರಲಿಲ್ಲ, ಅಷ್ಟೆ. ಹತ್ತಿದ ಬೆಂಕಿ ಊರಿಗೆಲ್ಲ ಹಬ್ಬಿತು. ಟಿವಿಯಲ್ಲಿ ಒಂದು ಕಡೆ ಅದೃಷ್ಟದವರು, ಒಂದು ಕಡೆ ಪ್ರತಿಭೆಯವರು ಕೂತು ಒಬ್ಬರ ಮಾತು ಒಬ್ಬರಿಗೆ ಕೇಳದ ಹಾಗೆ ಕೂಗಾಡಿದರು. ಡ್ರೈವಿಂಗ್ ಸ್ಕೂಲಿಗೆ ಬರುವ ಬ್ಯಾಂಕಿನ ಗುಮಾಸ್ತೆ ಕೂಡ ಸ್ಟೀರಿಂಗ್ ಹಿಡಿದುಕೊಂಡು, "ನೀವೇನಂತೀರ ಮೇಷ್ಟ್ರೇ, ಅದೃಷ್ಟಾನೋ ಪ್ರತಿಭೇನೋ?" ಎಂದಳು. ಮೇಷ್ಟ್ರು, "ಮುಂದೆ ಲಾರಿ ಇದೆ, ನೋಡಿ" ಎಂದರು.

ರೇಸಿನ ತಂಡ ನಡೆಸುವ ಕಾರು ಕಂಪನಿಯಿಂದ ಒಬ್ಬಳು ಬಂದಳು. ಪ್ರಚಾರದ ಕೆಲಸದವಳು, ಮುಖದಲ್ಲಿ ಒಳ್ಳೆಯತನವಿತ್ತು. ಸ್ಕೂಲಿನ ಮುಂದಿನ ಬೆಂಚಿನ ಮೇಲೆ ಕರವಸ್ತ್ರ ಹಾಸದೆ ಕೂತಳು, ಅದು ಮೇಷ್ಟ್ರಿಗೆ ಹಿಡಿಸಿತು.

"ಸಾರ್, ಚಾಂಪಿಯನ್ ಅವರ ಮೇಲೆ ಒಂದು ಸಿನಿಮಾ ಮಾಡ್ತಿದ್ದೀವಿ. ಅವರ ಹೆಸರಲ್ಲಿ ಕಂಪನಿ ಹೊಸ ಕಾರು ತರ್ತಿದೆ. ಈಗ ನೋಡಿ ಈ ಗಲಾಟೆ. ಅದೃಷ್ಟದವನ ಹೆಸರಿನ ಕಾರು ಯಾರು ಸಾರ್ ತಗೋತಾರೆ? ಬ್ರೇಕು ಹಿಡಿದ್ರೆ ಅದೃಷ್ಟ, ಹಿಡೀದಿದ್ರೆ ಇಲ್ಲ ಅಂತ ಜನ ಆಡ್ಕೊಳ್ತಾರೆ."

ಮೇಷ್ಟ್ರಿಗೆ ನಗು ಬಂತು. ಅವಳೂ ನಕ್ಕಳು.

"ನನ್ನಿಂದ ಏನಾಗ್ಬೇಕಮ್ಮಾ?"

"ಒಂದೇ ಮಾತು ಸಾರ್. ಕ್ಯಾಮೆರಾ ಮುಂದೆ. ನೀವು ಅವರ ಜೊತೆಗಾರರು, ನೀವು ಹೇಳಿದ್ರೆ ಬಾಯಿ ಮುಚ್ಕೊಂತಾರೆ." ಅವಳು ಆ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. "ನನ್ನ ಕಾರು ಕೆಡುತ್ತಿದ್ದದ್ದು ನನ್ನ ಒರಟು ಕೈಯಿಂದ. ಅವನ ಕೈಯಲ್ಲಿ ಕೆಡುತ್ತಿರಲಿಲ್ಲ, ಅದೇ ಅವನ ಪ್ರತಿಭೆ. ಇಷ್ಟೇ ಸಾರ್."

ಮೇಷ್ಟ್ರು ರಸ್ತೆಯ ಕಡೆ ನೋಡಿದರು. ಅವಳು ಅದನ್ನು ಬೇರೆ ರೀತಿ ತಿಳಿದು, ತಗ್ಗಿದ ದನಿಯಲ್ಲಿ ಇನ್ನೊಂದು ಹೇಳಿದಳು. ಟ್ರ್ಯಾಕಿನ ಪಕ್ಕದಲ್ಲೇ ಕಂಪನಿ ಚಾಲಕರಿಗೊಂದು ತರಬೇತಿ ಶಾಲೆ ತೆರೆಯುತ್ತಿದೆ. ಅಲ್ಲಿ ಮೇಷ್ಟ್ರಿಗೆ ಕೆಲಸ. ಗ್ಯಾರೇಜಿನ ಮೇಲೆಯೇ ಕೋಣೆ. ಊಟ ಎಲ್ಲರ ಜೊತೆ, ಉದ್ದನೆಯ ಮೇಜಿನಲ್ಲಿ.

ಆ ಉದ್ದನೆಯ ಮೇಜನ್ನು ಅವಳು ಹೇಳದೆ ಇದ್ದಿದ್ದರೆ ಮೇಷ್ಟ್ರು ಅಲ್ಲೇ ಆಗುವುದಿಲ್ಲ ಎನ್ನುತ್ತಿದ್ದರೇನೋ. ಬೆಳಗಿನ ಗ್ಯಾರೇಜು, ಷಟರು ಮೇಲಕ್ಕೆ ಹೋಗುವ ಸದ್ದು, ಒಂದು ಕಡೆಯಿಂದ ಒಬ್ಬ ಸ್ಪ್ಯಾನರು ಕೇಳಿದರೆ ಇನ್ನೊಂದು ಕಡೆಯಿಂದ ಇನ್ನೊಬ್ಬ ಎಸೆಯುವುದು, ಉಪ್ಪು ಈ ಕಡೆ ಕೊಡೋ ಎಂದು ಯಾರೋ ಕೂಗುವುದು. ಅವರು, "ಯೋಚ್ನೆ ಮಾಡಿ ಹೇಳ್ತೀನಿ" ಎಂದರು.

ಅಕ್ಕ ಭಾನುವಾರ ಫೋನು ಮಾಡುತ್ತಾಳೆ. ಮೇಷ್ಟ್ರು ವಿಷಯ ತಿಳಿಸಿದರು. ಅವಳು ಒಂದು ಕ್ಷಣವೂ ತಡೆಯಲಿಲ್ಲ.

"ಅಂದ್ಬಿಡೋ! ಒಂದು ಮಾತು ಅಂದ್ರೆ ನಿನ್ನ ಗಂಟೇನು ಹೋಗುತ್ತೆ? ಎಷ್ಟು ದಿನ ಅಂತ ಆ ಗೂಡಲ್ಲಿ ಒಬ್ನೇ ಕೂತಿರ್ತೀಯ? ಬಿದ್ರೆ ಎತ್ತೋರಿಲ್ಲ, ಕೆಮ್ಮಿದ್ರೆ ಕೇಳೋರಿಲ್ಲ."

"ಅದು ಸುಳ್ಳಲ್ವಾ ಅಕ್ಕ?"

ಆ ತುದಿಯಲ್ಲಿ ಪಾತ್ರೆಯ ಸದ್ದಾಯಿತು.

"ಪೂರ್ತಿ ಸುಳ್ಳೇನೋ? ಬೇಜಾರು ಮಾಡ್ಕೋಬೇಡ. ಚಿಕ್ಕೋನಿದ್ದಾಗಿಂದ ನಿನ್ನ ಕೈಗೆ ಸಿಕ್ಕಿದ್ದು ಯಾವ್ದು ಉಳೀತಿತ್ತು ಹೇಳು. ರೇಡಿಯೋ ಮುರಿದೆ. ಅಪ್ಪನ ಸೈಕಲ್ ಮುರಿದೆ. ನನ್ನ ಹೊಲಿಗೆ ಮಿಷನ್ನಿನ ಸೂಜಿ..."

"ಹೌದಕ್ಕ" ಎಂದರು ಮೇಷ್ಟ್ರು. ಫೋನು ಇಟ್ಟ ಮೇಲೆ ತಮ್ಮ ಎರಡೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಇಷ್ಟು ವರ್ಷ ತನ್ನ ಪರವಾಗಿ ಈ ಲೋಕದಲ್ಲಿ ಒಬ್ಬಳಾದರೂ ಇದ್ದಾಳೆ ಎಂದುಕೊಂಡಿದ್ದರು. ಅವಳು ಇದ್ದಳು, ಪ್ರೀತಿಯಿಂದ ಇದ್ದಳು. ಆದರೆ ಅವಳ ಮಟ್ಟಿಗೂ ತಮ್ಮನೆಂದರೆ ಒಡೆಯುವ ಕೈಯವನೇ. ಮೇಲಿನವರು ಕಟ್ಟಿದ ಸುಳ್ಳು ಯಾವತ್ತೂ ಮೇಲೆಯೇ ಉಳಿಯುವುದಿಲ್ಲ. ಅದು ಇಳಿದು ಇಳಿದು ಅಡುಗೆಮನೆಗೆ ಬಂದು, ಅಕ್ಕನ ಬಾಯಲ್ಲಿ ಕರುಣೆಯಾಗಿ ಕೂರುತ್ತದೆ.

ಒಂದು ಮಧ್ಯಾಹ್ನ ಡ್ರೈವಿಂಗ್ ಸ್ಕೂಲಿಗೆ ಚಾಂಪಿಯನ್ನೇ ಬಂದ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ. ಮೈ ಇಳಿದಿತ್ತು, ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಡಿಲವಾಗಿ ಆಡುತ್ತಿತ್ತು.

"ಒಂದು ಪಾಠ ಬೇಕಿತ್ತು ಮೇಷ್ಟ್ರೇ" ಎಂದ.

"ಲೈಸೆನ್ಸ್ ಇದ್ಯಾ?"

"ಅವಧಿ ಮುಗಿದಿದೆ."

"ಹತ್ತು ಮತ್ತೆ."

ಹೀಗೆ, ನೆತ್ತಿಯ ಮೇಲೆ ಕೆಂಪು ಅಕ್ಷರದ ಕಲಿಕೆಯ ಫಲಕ ಹೊತ್ತ ಪುಟ್ಟ ಕಾರಿನಲ್ಲಿ ಚಾಂಪಿಯನ್ ಸ್ಟೀರಿಂಗ್ ಹಿಡಿದ, ಮೇಷ್ಟ್ರು ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು ಪಕ್ಕದಲ್ಲಿ ಕೂತರು. ಮೊದಲ ಸಿಗ್ನಲ್ಲಿನಲ್ಲೇ ಕಾರು ಗಕ್ಕನೆ ಕುಪ್ಪಳಿಸಿ ನಿಂತುಹೋಯಿತು.

"ಏನೋ ಇದು ಕ್ಲಚ್ಚು! ಕೆಸರಲ್ಲಿ ಕಾಲಿಟ್ಟ ಹಾಗಿದೆ."

"ಎಲ್ರೂ ಹಾಗೇ ಅಂತಾರೆ. ಇನ್ನೊಂದ್ಸಲ. ಹೆದರ್ಬೇಡಿ, ನಾನಿದ್ದೀನಿ."

ಹಿಂದೆ ಹಾರನ್ನುಗಳು ಶುರುವಾದವು. ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು ಕಿಟಕಿಯೊಳಗೆ ಬಗ್ಗಿ, "ಅಜ್ಜಾ, ಮೊದ್ಲು ಮೈದಾನದಲ್ಲಿ ಕಲ್ತ್ಕೊಂಡು ಆಮೇಲೆ ರಸ್ತೆಗಿಳೀರಿ!" ಎಂದು ಹೋದ. ಇಬ್ಬರೂ ನಕ್ಕರು. ನಕ್ಕು ನಕ್ಕು ಚಾಂಪಿಯನ್ನನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುತ್ತಾ ಇದ್ದವನು ಒರೆಸಿಕೊಳ್ಳುತ್ತಲೇ ಇದ್ದ. ಆಗ ಮೇಷ್ಟ್ರಿಗೆ ಅದು ನಗುವಿನ ನೀರಲ್ಲ ಎಂದು ತಿಳಿಯಿತು.

ಊರಾಚೆಯ ಖಾಲಿ ರಸ್ತೆಗೆ ಬಂದ ಮೇಲೆ ಚಾಂಪಿಯನ್ ಮಾತು ತೆಗೆದ.

"ಪೇಪರಿನಲ್ಲಿ ಬಂದಿದ್ದು ಓದಿದ್ಯಾ?"

"ಓದಿದೆ."

"ನಂಗೆ ನಿದ್ದೆ ಇಲ್ಲ ಕಣೋ. ಮನೇಲಿ ಗೋಡೆ ತುಂಬ ರೇಸಿನ ಕಪ್ಪುಗಳಿವೆ. ದಿನಾ ಒಂದೊಂದನ್ನೇ ನೋಡ್ತೀನಿ. ಇದು ನಾನು ಗೆದ್ದಿದ್ದಾ, ನಂಗೆ ಸಿಕ್ಕಿದ್ದಾ? ಕೇಳೋದು ಯಾರನ್ನ? ಹೊಗಳೋರು ಸಂಬಳಕ್ಕೆ ಹೊಗಳ್ತಾರೆ, ತೆಗಳೋರು ನಾನು ಓಡಿಸೋದನ್ನ ನೋಡಿದೋರೇ ಅಲ್ಲ. ನೀನು ಹಿಂದಿದ್ದೆ, ಪಕ್ಕದಲ್ಲಿದ್ದೆ, ಕೆಲವು ಸಲ ಮುಂದಿದ್ದೆ. ನಿಜ ಹೇಳು. ನಾನು ಚೆನ್ನಾಗಿ ಓಡಿಸ್ತಿದ್ದೆನಾ?"

ಮೇಷ್ಟ್ರು ಉತ್ತರಿಸುವ ಮುಂಚೆ ಯೋಚಿಸಿದರು, ಯಾಕೆಂದರೆ ಪ್ರಶ್ನೆ ಪ್ರಾಮಾಣಿಕವಾಗಿತ್ತು.

"ತಿರುವಿನೊಳಗೆ ಹೋಗ್ತಾ ಹೋಗ್ತಾ ನೀನು ಬ್ರೇಕು ಬಿಡ್ತಿದ್ದೆಯಲ್ಲ, ಮಲಗಿದ ಮಗೂ ಕೆಳಗಿಂದ ಕೈ ತೆಗೆಯೋ ಹಾಗೆ. ಅದು ನಂಗೆ ಕೊನೇವರ್ಗೂ ಬರ್ಲಿಲ್ಲ."

"ಹಾಗಾದ್ರೆ ಚೆನ್ನಾಗಿ ಓಡಿಸ್ತಿದ್ದೆ."

"ಓಡಿಸ್ತಿದ್ದೆ."

"ನಿನಗಿಂತ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಏನೋ?"

"ಗೊತ್ತಾಗೋಕೆ ನಾವಿಬ್ರೂ ರೇಸು ಓಡಿಸ್ಬೇಕಿತ್ತು. ಯಾವತ್ತು ಓಡಿಸಿದ್ವಿ? ನೀನು ಓಡಿಸ್ತಿದ್ದಿದ್ದು ರೇಸು. ನಾನು ಮಾಡ್ತಿದ್ದಿದ್ದು ನಿನ್ನ ಗಾಡಿಯ ಪರೀಕ್ಷೆ."

ಕಾರು ತಾನಾಗಿ ನಿಧಾನವಾಯಿತು. ಚಾಂಪಿಯನ್ ಅದನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಎಷ್ಟು ಮೃದುವಾಗಿ ನಿಲ್ಲಿಸಿದನೆಂದರೆ ನಿಂತದ್ದು ಯಾವಾಗ ಎಂದೇ ತಿಳಿಯಲಿಲ್ಲ. ಮೇಷ್ಟ್ರು ಮನಸ್ಸಿನಲ್ಲೇ ಅದನ್ನು ಮೆಚ್ಚಿದರು. ಆಮೇಲೆ ಇಷ್ಟು ವರ್ಷ ಕೇಳದಿದ್ದ ಮಾತನ್ನು ಕೇಳಿದರು.

"ನಿಂಗೆ ಗೊತ್ತಿತ್ತಾ?"

ಚಾಂಪಿಯನ್ ಸ್ಟೀರಿಂಗನ್ನು ನೋಡುತ್ತಾ ಹೇಳಿದ: "ಮೊದಲ್ನೇ ವರ್ಷಾನೇ ಹೋಗಿ ಜಗಳ ಆಡ್ದೆ. ಹೊಸದೆಲ್ಲ ಅವನಿಗೇ ಯಾಕೆ, ನಾನೇನು ಮಲಮಗನಾ ಅಂತ. ದೊಡ್ಡ ಯಜಮಾನ್ರು ನಕ್ಕರು. ನಿನಗೆ ಹಳೇದೇ ಒಳ್ಳೇದಪ್ಪ, ಬದುಕಿ ಬಾಳ್ಬೇಕಾದೋನು ನೀನು ಅಂದ್ರು. ಅಲ್ಲಿಗೆ ಅರ್ಥ ಆಯ್ತು."

"ಆಮೇಲೆ?"

"ಆಮೇಲೆ ಸುಮ್ನಾದೆ."

"ಆಮೇಲೂ ಕೈ ಕುಲುಕ್ತಿದ್ದೆ."

"ಅದಕ್ಕೇ ಕುಲುಕ್ತಿದ್ದೆ ಕಣೋ."

ದೂರದಲ್ಲಿ ಒಂದು ಟ್ರ್ಯಾಕ್ಟರು ಹೊಲವನ್ನು ಸೀಳಿಕೊಂಡು ಹೋಗುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತರು. ಮೇಷ್ಟ್ರಿಗೆ ಸಿಟ್ಟು ಬರಬೇಕಾಗಿತ್ತು. ಹುಡುಕಿದರು, ಅದರ ಜಾಗದಲ್ಲಿ ಸಿಕ್ಕಿದ್ದು ಬೇರೇನೋ. ಈ ಮನುಷ್ಯ ಸುಮ್ಮನಿದ್ದು ಮೇಷ್ಟ್ರ ಕಾಲನ್ನಷ್ಟೇ ಅಲ್ಲ, ತನ್ನ ಗೆಲುವನ್ನೂ ಕಳೆದುಬಿಟ್ಟಿದ್ದ. ಒಂದೇ ಒಂದು ಸಲ ಸರಿಸಮನಾದ ಕಾರಿನಲ್ಲಿ ಸೋತಿದ್ದರೂ ಇವತ್ತು ಅವನಿಗೆ ತಾನು ಯಾರೆಂದು ಗೊತ್ತಿರುತ್ತಿತ್ತು. ಇಬ್ಬರೂ ಒಂದೇ ಬಾಗಿಲಿನ ಹೊರಗೆ ನಿಂತಿದ್ದರು. ಒಬ್ಬನ ಕೈಯಲ್ಲಿ ಕಪ್ಪಿತ್ತು, ಅಷ್ಟೆ.

"ಆ ಮಾತು ಹೇಳ್ಬಿಡೋ" ಎಂದ ಚಾಂಪಿಯನ್. "ನಿನ್ನ ಬಾಯಲ್ಲಿ ಕೇಳಿದ್ರೆ ನಂಗೂ ನಂಬಿಕೆ ಬರ್ಬಹುದು. ಶಾಲೆಗೆ ಬಾ. ನಾನೂ ಅಲ್ಲೇ ಬರ್ತೀನಿ ದಿನಾ. ಇಬ್ರೂ ಒಟ್ಟಿಗೆ ಊಟ ಮಾಡೋಣ."

ಮೇಷ್ಟ್ರು ಒಪ್ಪಿಕೊಂಡರು. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಒಂಟಿತನಕ್ಕೂ ಹಸಿವಿನ ಹಾಗೇ ಒಂದು ಮಿತಿ ಇದೆ, ಅದನ್ನು ದಾಟಿದವರನ್ನು ಏನು ಬೇಕಾದರೂ ಕೇಳಬಹುದು ಎಂದು ಕೇಳುವವರಿಗೆ ಚೆನ್ನಾಗಿ ಗೊತ್ತು.

ಚಿತ್ರೀಕರಣ ಇಟ್ಟುಕೊಂಡಿದ್ದು ಟ್ರ್ಯಾಕಿನ ಪಕ್ಕದ, ತಂಡದ ಅದೇ ಹಳೆಯ ಗ್ಯಾರೇಜಿನಲ್ಲಿ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೇಳಿದ್ದಕ್ಕಿಂತ ಬೇಗನೇ ಬಂದರು. ಷಟರು ಮೇಲಿತ್ತು. ಒಳಗೆ ಮೆಕ್ಯಾನಿಕ್‌ಗಳು ಓಡಾಡುತ್ತಿದ್ದರು, ಯಾರೋ ಯಾರನ್ನೋ "ಲೋ ಕುಂಭಕರ್ಣ" ಎಂದು ಕೂಗಿದರು. ಮೇಷ್ಟ್ರು ಬಾಗಿಲಲ್ಲೇ ನಿಂತು ಉಸಿರೆಳೆದುಕೊಂಡರು. ಪೆಟ್ರೋಲು, ಬಿಸಿ ರಬ್ಬರು, ಗ್ರೀಸು. ಮನೆಗೆ ಬಂದ ಹಾಗಾಯಿತು. ಮುರಿದಿದ್ದ ಬಲಗಾಲು ಕೂಡ ಆವತ್ತು ಅಷ್ಟಾಗಿ ಎಳೆಯಲಿಲ್ಲ.

ಈಗಿನ ತಂಡದ ಎರಡು ಕಾರುಗಳು ಅಕ್ಕಪಕ್ಕ ನಿಂತಿದ್ದವು. ಎರಡನೆಯದರ ಪಕ್ಕದಿಂದ ಒಬ್ಬಳು ಹುಡುಗಿ ರೇಸಿನ ಅಂಗಿಯ ತೋಳನ್ನು ಸೊಂಟಕ್ಕೆ ಕಟ್ಟಿಕೊಂಡು ಎದ್ದು ಬಂದಳು. ಕೈ ಚಾಚಿದಳು. ಮೇಷ್ಟ್ರು ಕೈಕೊಟ್ಟರು. ಈ ಗ್ಯಾರೇಜಿನಲ್ಲಿ ಅವರ ಕೈ ಹಿಡಿದ ಎರಡನೇ ವ್ಯಕ್ತಿ ಅವಳು.

"ನಾನು ಎರಡನೇ ಕಾರು ಸಾರ್. ನಿಮ್ಮ ರೇಸುಗಳನ್ನೆಲ್ಲ ನೋಡಿದ್ದೀನಿ. ನಿಮ್ಮ ಹೆಸರು ತೆಗೆದ್ರೆ ಇಲ್ಲಿ ಎಲ್ರೂ ನಗ್ತಾರೆ, ಯಾಕೆ ಸಾರ್?"

"ಏನೋ ಹಳೇ ತಮಾಷೆ. ನಿನ್ನ ಗಾಡಿ ಹೇಗಿದ್ಯಮ್ಮಾ?"

"ಸೂಪರ್ ಸಾರ್! ಮೊದಲ್ನೇ ಕಾರಿನವ್ರಿಗೆ ಹೊಟ್ಟೆಯುರಿ. ಹೊಸದೇನು ಬಂದ್ರೂ ಮೊದ್ಲು ನನಗೇ ಕೊಡ್ತಾರೆ." ಅವಳ ಮುಖ ಬೆಳಗುತ್ತಿತ್ತು. "ಮಧ್ಯಾಹ್ನ ಹೊಸ ಬ್ರೇಕು ಹಾಕ್ತಾರಂತೆ. ಇನ್ನೂ ಯಾರೂ ಓಡಿಸಿಲ್ಲ. ಅಮ್ಮನಿಗೆ ಆಗ್ಲೇ ಫೋನು ಮಾಡಿ ಹೇಳ್ಬಿಟ್ಟೆ."

ಹೇಳಬೇಕಾಗಿದ್ದದ್ದು ಆಗಲೇ. ಮೇಷ್ಟ್ರ ಬಾಯಿ ತೆರೆಯಿತು ಕೂಡ. ಅಷ್ಟರಲ್ಲಿ ಗೋಡೆಯ ಪಕ್ಕದ ಉದ್ದನೆಯ ಮೇಜು ಕಣ್ಣಿಗೆ ಬಿತ್ತು. ಅದರ ಮೇಲೆ ಯಾರೋ ತಟ್ಟೆಗಳನ್ನು ಜೋಡಿಸುತ್ತಿದ್ದರು. ಮೇಷ್ಟ್ರು, "ಒಳ್ಳೇದಮ್ಮ" ಎಂದುಬಿಟ್ಟರು. ಯಾರೋ ಕರೆದರು, ಅವಳು ಅಭ್ಯಾಸಕ್ಕೆ ಓಡಿದಳು.

ಸುಮ್ಮನಾಗುವುದು ಎಷ್ಟು ಸುಲಭ ಎಂದು ಮೇಷ್ಟ್ರಿಗೆ ಅಲ್ಲಿ ನಿಂತಲ್ಲೇ ಗೊತ್ತಾಯಿತು. ಇಷ್ಟು ವರ್ಷ ಅದು ದೊಡ್ಡ ಕಷ್ಟದ ಕೆಲಸವಿರಬೇಕು ಎಂದುಕೊಂಡಿದ್ದರು.

ದೀಪಗಳ ನಡುವೆ ಎರಡು ಕುರ್ಚಿ ಹಾಕಿದ್ದರು. ಒಂದರಲ್ಲಿ ಚಾಂಪಿಯನ್, ಮುಖಕ್ಕೆ ಬಣ್ಣ ಬಳಿಸಿಕೊಂಡು ಕೂತಿದ್ದ. ಪ್ರಚಾರದವಳು ಮೇಷ್ಟ್ರ ಕಾಲರಿಗೆ ಮೈಕು ಸಿಕ್ಕಿಸಿದಳು. ಕ್ಯಾಮೆರಾದ ಹಿಂದೆ ಚಿಕ್ಕ ಯಜಮಾನ ನಿಂತಿದ್ದ, ದೊಡ್ಡ ಯಜಮಾನರ ಮಗ, ಈಗ ಕಂಪನಿ ಇವನದೇ. ಅವನು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟ.

"ಶಾಲೆ ನಿಮ್ಮ ಕೈಲಿ ಕೊಡ್ತಿದ್ದೀನಿ. ವರ್ಷಕ್ಕೊಬ್ಬರನ್ನ ಎರಡನೇ ಕಾರಿಗೆ ಆರಿಸಿ ಕೊಡಿ, ಸಾಕು. ಧೈರ್ಯ ಇರ್ಬೇಕು, ಪ್ರಶ್ನೆ ಕಮ್ಮಿ ಇರ್ಬೇಕು. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಥೋರು ಬೇಕು ಅಂತ."

"ಹೊಸ ಭಾಗ ಈಗಲೂ ಮೊದ್ಲು ಎರಡನೇ ಕಾರಿಗೇನಾ?" ಎಂದು ಕೇಳಿದರು ಮೇಷ್ಟ್ರು.

"ಮತ್ತೆ? ಎಲ್ಲಾದ್ರೂ ನೋಡ್ಬೇಕಲ್ಲ. ಅಪ್ಪನ ಕಾಲದ ಪದ್ಧತಿ, ಯಾಕೆ ಬದಲಾಯಿಸೋದು? ಗೆಲ್ತಾ ಇದ್ದೀವಲ್ಲ." ಅವನಿಗೆ ಅದರಲ್ಲಿ ಅಡಗಿಸುವಂಥದ್ದು ಏನೂ ಕಾಣಲಿಲ್ಲ. ಕಾಣದಿರುವುದನ್ನು ಅವನು ಅಪ್ಪನಿಂದ ಆಸ್ತಿಯ ಜೊತೆಗೇ ಪಡೆದಿದ್ದ.

ಕ್ಯಾಮೆರಾ ಚಾಲೂ ಆಯಿತು. ಪ್ರಚಾರದವಳು ತಲೆಯಾಡಿಸಿದಳು.

"ನನ್ನ ಕಾರು ಕೆಡ್ತಿದ್ದಿದ್ದು" ಎಂದು ಮೇಷ್ಟ್ರು ಶುರು ಮಾಡಿದರು. ನಿಲ್ಲಿಸಿದರು. ಹೊರಗೆ ಟ್ರ್ಯಾಕಿನ ಮೇಲೆ ಹುಡುಗಿಯ ಕಾರು ಹಾದುಹೋಯಿತು. ತಿರುವಿಗೆ ಮುಂಚೆ ಇಂಜಿನ್ನಿನ ದನಿ ತಗ್ಗಿ, ಮತ್ತೆ ಏರಿತು. ಚೆನ್ನಾಗಿ ಓಡಿಸುತ್ತಿದ್ದಳು.

"ಪರವಾಗಿಲ್ಲ ಸಾರ್, ಇನ್ನೊಂದ್ಸಲ."

"ನನ್ನ ಕಾರು ಕೆಡ್ತಿದ್ದಿದ್ದು, ಅದರಲ್ಲಿ ಕೆಡೋದನ್ನೇ ಹಾಕ್ತಿದ್ರು ಅದಕ್ಕೆ. ಇವನ ಕಾರು ಕೆಡ್ತಿರ್ಲಿಲ್ಲ, ನಂದು ಅದಕ್ಕೆ ಮುಂಚೇನೇ ಕೆಟ್ಟಿರ್ತಿತ್ತು, ಅದಕ್ಕೆ. ಇದಕ್ಕೆ ಅದೃಷ್ಟ ಅಂತಾನೂ ಅನ್ಬೇಡಿ, ಪ್ರತಿಭೆ ಅಂತಾನೂ ಅನ್ಬೇಡಿ."

"ಕಟ್" ಎಂದ ಚಿಕ್ಕ ಯಜಮಾನ. ಮೆಕ್ಯಾನಿಕ್‌ಗಳು ಕೆಲಸ ನಿಲ್ಲಿಸಿ ಈ ಕಡೆ ನೋಡಿದರು. ಅವನು ತಾಳ್ಮೆಯಿಂದ ಹತ್ತಿರ ಬಂದ. "ಇವರೇ, ನಿಮ್ಮನ್ನ ಭಾಷಣಕ್ಕೆ ಕರೆದಿಲ್ಲ. ಹೇಳಿಕೊಟ್ಟಷ್ಟು ಹೇಳಿ."

"ಅದು ನಿಜ ಅಲ್ಲ."

"ನಿಜ ಸುಳ್ಳು ಆಮೇಲೆ ನೋಡೋಣ. ಈಗ ಹೇಳ್ರೀ."

ಚಾಂಪಿಯನ್ ಕುರ್ಚಿಯಿಂದ ಮುಂದಕ್ಕೆ ಬಗ್ಗಿದ. ಬಣ್ಣ ಬಳಿದ ಮುಖದಲ್ಲಿ ಕಣ್ಣು ಮಾತ್ರ ಹಳೆಯ ಗೆಳೆಯನದು.

"ಹೇಳೋ. ನನಗೋಸ್ಕರ ಆದ್ರೂ ಹೇಳೋ. ನಂಗೆ ಇನ್ಯಾರಿದ್ದಾರೆ?"

"ನಂಗೂ ಇನ್ಯಾರಿದ್ದಾರೆ?" ಎಂದರು ಮೇಷ್ಟ್ರು, ಮೆಲ್ಲಗೆ. "ಆದ್ರೂ ಹೇಳಲ್ಲ ಕಣೋ."

ಚಾಂಪಿಯನ್ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ. ಮೇಷ್ಟ್ರು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಚಿಕ್ಕ ಯಜಮಾನ ದೀಪ ಆರಿಸಲು ಸನ್ನೆ ಮಾಡಿದ. "ಸರಿ. ಎದ್ದು ಹೊರಡಿ. ಶಾಲೆ ಗೀಲೆ ಎಲ್ಲ ಮರೆತುಬಿಡಿ. ಈ ಜಾಗ ಬೇಕು ನಮಗೆ, ಆ ಹುಡುಗಿ ಬಂದ ಮೇಲೆ ಅವಳ ಗಾಡಿಗೆ ಬ್ರೇಕು ಹಾಕೋದಿದೆ."

ಪ್ರಚಾರದವಳು ಮೈಕು ಬಿಚ್ಚಲು ಬಂದಳು. ಮೇಷ್ಟ್ರು ಅವಳಿಗೆ ಬಿಚ್ಚಲು ಬಿಟ್ಟರು. ಆಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಜರುಗಿಸಿಕೊಂಡು, ಎರಡನೇ ಕಾರು ಬಂದು ನಿಲ್ಲುವ ಜಾಗದಲ್ಲಿ, ಅದಕ್ಕೆ ಅಡ್ಡವಾಗಿ, ಬಲಗಾಲನ್ನು ಮುಂದೆ ಚಾಚಿ ಕೂತರು.

"ಹೊರಡಿ ಅಂದೆ" ಎಂದ ಚಿಕ್ಕ ಯಜಮಾನ.

"ಇಲ್ಲಪ್ಪ" ಎಂದರು ಮೇಷ್ಟ್ರು. "ಆ ಹುಡುಗಿ ಬರ್ಲಿ. ಅವಳ ಹತ್ರ ಮಾತಾಡದೆ ನಾನು ಏಳಲ್ಲ."